ಆಜೀವ ಎಣ್ಣೆ

'ಆಜೀವ' ಎಂಬ ಶಬ್ದ ಕಂಡಲ್ಲಿ ನಾವು ತುಸು ನಿಂತು ಮುಂದೆ ಹೋಗುವವರು. ಸಂಘಕ್ಕೆ ಒಮ್ಮೆ ಹಣ ಕಟ್ಟಿ ಆಜೀವ ಸದಸ್ಯರಾದವರನ್ನು ಆಮೇಲೆ ಯಾರೂ ವಿಚಾರಿಸುವುದಿಲ್ಲ. ಅವರು ಮನೆ ಬದಲಿಸಿದರೂ ಪತ್ರಿಕೆ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತದೆ. ಕಚೇರಿಯಿಂದ ನಿವೃತ್ತರಾದವರಿಗೆ ಬದುಕಿರುವವರೆಗೂ ಪೆನ್ಶನ್ ಉಂಟು, ನಿಜ. ಆದರೆ ಪ್ರತಿ ನವೆಂಬರಿನಲ್ಲಿ ತಾವಿನ್ನೂ ಬದುಕಿದ್ದೇವೆಂದು ಅವರು ಪ್ರಮಾಣಪತ್ರ ಕೊಡಬೇಕು. ಸರಕಾರವೇ ಈ ಮಾತನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ನೋಡುವಾಗ, ಕಾರಿನ ಕಂಪನಿಯವರು ಆಟೋಮ್ಯಾಟಿಕ್ ಗಿಯರ್‌ಬಾಕ್ಸಿನ ಎಣ್ಣೆಗೆ 'ಲೈಫ್‌ಟೈಮ್' ಎಂಬ ಬಿರುದು ಕೊಟ್ಟರೆ ನಾವು ಸುಮ್ಮನೆ ತಲೆಯಾಡಿಸುವುದು ಹೇಗೆ?

ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಕಾರು 70,000 ಕಿಲೋಮೀಟರು ದಾಟಿದಾಗ. ಅದು ನಾವು ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿ. ವಾರವೆಲ್ಲ ಮುಂಬಯಿಯ ರಸ್ತೆಗಳಲ್ಲಿ ತೆವಳುತ್ತದೆ. ವರ್ಷಕ್ಕೆರಡು ಸಲ ವಯಸ್ಸಾದ ತಾಯಿಯವರನ್ನು ಧಾರವಾಡಕ್ಕೆ ಕರೆದೊಯ್ಯುತ್ತದೆ. ರಾತ್ರಿ ಬಸ್ಸಿನ ಪ್ರಯಾಣ ಅವರಿಗೆ ಈಗ ಆಗದು. 500 ಕಿಲೋಮೀಟರಿಗೂ ಮಿಕ್ಕ ದಾರಿ, ನಡುವೆ ಖಂಡಾಳ, ಖಂಬಾಟಕಿ ಘಾಟುಗಳು. ಅಲ್ಲೆಲ್ಲಾದರೂ ಗಿಯರ್‌ಬಾಕ್ಸು ಕೈಕೊಟ್ಟರೆ ಹಣದ ಮಾತು ಆಮೇಲೆ, ತಾಯಿಯವರನ್ನು ರಸ್ತೆ ಬದಿಯಲ್ಲಿ ಎಲ್ಲಿ ಕೂರಿಸುವುದು ಎಂಬುದೇ ಮೊದಲ ಚಿಂತೆ.

ವಿಚಾರಿಸಹೋದರೆ ಮೂವರು ಮೂರು ಮಾತು ಹೇಳಿದರು. ಸರ್ವಿಸ್ ಸ್ಟೇಶನ್ನಿನವರು, "ಅದು ಲೈಫ್‌ಟೈಮ್ ಆಯಿಲ್, ಬದಲಿಸಬೇಕಿಲ್ಲ" ಎಂದರು. ಬೀದಿಯ ಮೂಲೆಯ ಮೆಕ್ಯಾನಿಕ್ಕು, "ಓಡುತ್ತಿರುವುದನ್ನು ಮುಟ್ಟಬೇಡಿ, ಎಣ್ಣೆ ಬದಲಿಸಿದ ಗಾಡಿಗಳೇ ಕೆಟ್ಟದ್ದನ್ನು ನೋಡಿದ್ದೇನೆ" ಎಂದ. ಕಚೇರಿಯ ಸ್ನೇಹಿತರೊಬ್ಬರು, "ನಾಳೆಯೇ ಬದಲಿಸಿ" ಎಂದರು. ಹಿಂದೆಂದೋ ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರದ ಧೂಳು ಕೊಡವಿ ನಾವೇ ಯೋಚಿಸಬೇಕಾಯಿತು.

ಮೊದಲು ಈ ಎಣ್ಣೆಯ ಕೆಲಸವೇನೆಂದು ನೋಡೋಣ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರಿನ ಮೂಲಕ ದಾಟಿಸುವುದು ಅದೇ. ಒತ್ತಡದಿಂದ ಕ್ಲಚ್ಚಿನ ಬಿಲ್ಲೆಗಳನ್ನು ಅದುಮಿ ಗಿಯರು ಬದಲಿಸುವುದು ಅದೇ. ಹಲ್ಲುಚಕ್ರಗಳನ್ನು ಸವೆಯದಂತೆ ಕಾಯುವುದು, ಶಾಖವನ್ನು ಹೊತ್ತೊಯ್ಯುವುದು ಕೂಡ ಅದೇ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ: ಬಿಲ್ಲೆಗಳು ಜಾರಲೂ ಬಾರದು, ತಟ್ಟನೆ ಹಿಡಿದು ಜಗ್ಗಲೂ ಬಾರದು. ಘರ್ಷಣೆಯನ್ನು ಈ ಹದದಲ್ಲಿಡಲು ಎಣ್ಣೆಗೆ ಬೇರೆ ದ್ರವ್ಯಗಳನ್ನು ಬೆರೆಸುತ್ತಾರೆ. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಇದಕ್ಕಾಗಿ ಸ್ಪರ್ಮ್ ಜಾತಿಯ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು. ಆ ಪ್ರಾಣಿಯ ರಕ್ಷಣೆಗೆ ಕಾನೂನು ಬಂದ ಮೇಲೆ ತಯಾರಕರು ಬದಲಿ ದ್ರವ್ಯಗಳಿಗಾಗಿ ಪರದಾಡಬೇಕಾಯಿತು. ಅಂದರೆ ಇದು ಬರಿಯ ಎಣ್ಣೆಯಲ್ಲ, ಯಂತ್ರದ ಒಂದು ಅಂಗ.

'ಲೈಫ್‌ಟೈಮ್' ಎನ್ನುವವರ ವಾದದಲ್ಲೂ ಹುರುಳಿದೆ. ಎಂಜಿನ್ ಆಯಿಲಿನಂತೆ ಈ ಎಣ್ಣೆಗೆ ಉರಿಯುವ ಇಂಧನದ ಮಸಿ ತಗಲುವುದಿಲ್ಲ. ಈಗಿನ ಸಿಂಥೆಟಿಕ್ ಎಣ್ಣೆಗಳು ಹಿಂದಿನವಕ್ಕಿಂತ ಬಹಳ ಗಟ್ಟಿ. ಆದರೆ ಶಾಖಕ್ಕೆ ಬಾಗದ ಎಣ್ಣೆ ಇನ್ನೂ ಹುಟ್ಟಿಲ್ಲ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಹೇಗೆ ಏರುತ್ತದೆಂದು ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿಯೇ ಸೂತ್ರ ಬರೆದಿಟ್ಟಿದ್ದಾನೆ. ಎಣ್ಣೆಯವರ ಸ್ಥೂಲ ಲೆಕ್ಕದಲ್ಲಿ, ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಎಣ್ಣೆಯ ಆಯುಷ್ಯ ಅರ್ಧಕ್ಕಿಳಿಯುತ್ತದೆ. ಹೆದ್ದಾರಿಯಲ್ಲಿ ಕನ್ವರ್ಟರಿನೊಳಗಿನ ಲಾಕ್-ಅಪ್ ಕ್ಲಚ್ಚು ಹಿಡಿದುಕೊಂಡು ಜಾರುವಿಕೆಯನ್ನು ತಡೆಯುತ್ತದೆ, ಎಣ್ಣೆ ತಣ್ಣಗಿರುತ್ತದೆ. ನಗರದಲ್ಲಿ ನಿಂತು, ಹೊರಟು, ಮತ್ತೆ ನಿಂತು ಸಾಗುವಾಗ ಕನ್ವರ್ಟರು ಜಾರುತ್ತಲೇ ಇರುತ್ತದೆ. ಹಾಗೆ ಪೋಲಾದ ಶಕ್ತಿಯೆಲ್ಲ ಶಾಖವಾಗಿ ಎಣ್ಣೆಗೇ ಸೇರುತ್ತದೆ. ನಮ್ಮ ಮೀಟರು ಕಿಲೋಮೀಟರನ್ನು ಮಾತ್ರ ಎಣಿಸುತ್ತದೆ. ಎಣ್ಣೆ ಗಂಟೆಗಳನ್ನೂ ಎಣಿಸುತ್ತಿರುತ್ತದೆ.

ಹಾಗಾದರೆ ಯಾರ ಜೀವಮಾನ? ಇಲ್ಲಿಯೇ ಇದೆ ಮರ್ಮ. ಮೊದಲ ಮಾಲಿಕನ ಕೈಯಲ್ಲಿ, ವಾರಂಟಿಯ ಅವಧಿಯಲ್ಲಿ, ಆ ಮಾತು ಬಹುಮಟ್ಟಿಗೆ ನಿಜವೇ. ಆದರೆ ಅನೇಕ ಕಾರು ಕಂಪನಿಗಳಿಗೆ ಗಿಯರ್‌ಬಾಕ್ಸು ಮಾಡಿಕೊಡುವ ಜರ್ಮನಿಯ ಜ಼ಡ್.ಎಫ್. ಸಂಸ್ಥೆಯೇ ತನ್ನ ಆಟೋಮ್ಯಾಟಿಕ್ ಗಿಯರ್‌ಬಾಕ್ಸುಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರಿನೊಳಗೆ, ಇಲ್ಲವೆ 8 ವರ್ಷಕ್ಕೆ, ಬದಲಿಸಬೇಕೆಂದು ಸಲಹೆ ಮಾಡುತ್ತದೆ. ಅದೇ ಗಿಯರ್‌ಬಾಕ್ಸಿಗೆ ಕಾರು ಮಾರುವವರು ಆಜೀವ ಎನ್ನುತ್ತಾರೆ! ಅನೇಕ ಕೈಪಿಡಿಗಳ ಮೂಲೆಯಲ್ಲಿ ಸಣ್ಣಕ್ಷರದ ಒಂದು ಷರಾ ಬೇರೆ ಇರುತ್ತದೆ: 'ಕಠಿಣ ಬಳಕೆ'ಯಾದರೆ ಎಣ್ಣೆ ಬದಲಿಸಿರಿ ಎಂದು. ಕಠಿಣ ಬಳಕೆ ಯಾವುದು? ಸೆಕೆ, ಧೂಳು, ಏರುದಾರಿ, ನಿಂತು ನಿಂತು ಸಾಗುವ ವಾಹನಸಂದಣಿ. ಇಷ್ಟನ್ನೂ ಕಳೆದರೆ ನಮ್ಮ ನಗರಗಳಲ್ಲಿ ಉಳಿಯುವ 'ಸಾಮಾನ್ಯ ಬಳಕೆ' ಎಷ್ಟು? ಕಡತಗಳ ನಡುವೆ ವಯಸ್ಸು ಕಳೆದ ನಮಗೆ ಇಷ್ಟು ಗೊತ್ತು: ನಿಜವಾದ ಆದೇಶವಿರುವುದು ಷರಾದಲ್ಲಿ.

ಇನ್ನು ಮೆಕ್ಯಾನಿಕ್ಕಿನ ಭಯ. ಎಣ್ಣೆ ಬದಲಿಸಿದ ಮೇಲೆ ಗಿಯರ್‌ಬಾಕ್ಸು ಕೆಟ್ಟ ಗಾಡಿಗಳನ್ನು ಅವನು ನೋಡಿರಬಹುದು, ಸುಳ್ಳಲ್ಲ. ಆದರೆ ಹೆಚ್ಚಿನವರು ಎಣ್ಣೆಯ ನೆನಪು ಮಾಡಿಕೊಳ್ಳುವುದು ಗಿಯರು ಜಾರತೊಡಗಿದ ಮೇಲೆಯೇ. ಸಾಯುವವರ ಬಾಯಿಗೆ ಗಂಗೋದಕ ಬಿಡುವುದು ನಮ್ಮ ಪದ್ಧತಿ. ಕುಡಿದವರೆಲ್ಲ ಸತ್ತರು, ಆದ್ದರಿಂದ ಗಂಗೋದಕವೇ ವಿಷ ಎಂದು ಯಾರಾದರೂ ವಾದಿಸಿದ್ದುಂಟೆ? ಬಿಲ್ಲೆಗಳು ಸವೆದು, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ ಹೊಸ ಎಣ್ಣೆ ಅವನ್ನು ಬದುಕಿಸದು. ಗಾಡಿ ಇನ್ನೂ ನಯವಾಗಿ ಓಡುತ್ತಿರುವಾಗಲೇ ಬದಲಿಸುವುದರಲ್ಲಿ ಅರ್ಥವಿದೆ.

ಬದಲಿಸುವುದಕ್ಕೂ ಕ್ರಮವುಂಟು. ಕೆಳಗಿನ ಬಿರಡೆ ಬಿಚ್ಚಿದರೆ ಎಲ್ಲ ಎಣ್ಣೆಯೂ ಬರುವುದಿಲ್ಲ. ಕನ್ವರ್ಟರಿನಲ್ಲಿ ಬಹುಪಾಲು ಉಳಿದುಬಿಡುತ್ತದೆ. ಆದ್ದರಿಂದ ಬಂದಷ್ಟು ತೆಗೆದು, ಅಷ್ಟೇ ಹೊಸದು ಹಾಕಿ, ಕೆಲವು ನೂರು ಕಿಲೋಮೀಟರು ಓಡಿಸಿ ಮತ್ತೊಮ್ಮೆ ಹಾಗೆಯೇ ಮಾಡುವುದು ಸೌಮ್ಯವಾದ ದಾರಿ. ಎಣ್ಣೆ ಕೈಪಿಡಿ ಹೇಳಿದ ಜಾತಿಯದೇ ಆಗಬೇಕು. ಬಣ್ಣ ಕೆಂಪಾದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಈಗಿನ ಅನೇಕ ಕಾರುಗಳಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿಯೇ ಇಲ್ಲ. ನಿಗದಿಯಾದ ಉಷ್ಣತೆಯಲ್ಲಿ ಅಳೆಯಬೇಕು. ಹಾಗಾಗಿ ಅದನ್ನು ಬಲ್ಲವರ ಕೈಗೇ ಕೊಡಬೇಕು.

ಇನ್ನೊಂದು ಮಾತು. ಆಟೋಮ್ಯಾಟಿಕ್ ಎಂದು ಮಾರುವುದೆಲ್ಲ ಒಂದೇ ಬಗೆಯದಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಬಂದು ಜನಪ್ರಿಯವಾದ ಎ.ಎಂ.ಟಿ. ಮೂಲತಃ ಕೈಗಿಯರೇ, ಕ್ಲಚ್ಚನ್ನೂ ಗಿಯರನ್ನೂ ಯಂತ್ರ ಬದಲಿಸುತ್ತದೆ, ಅಷ್ಟೆ. ಈ ಕೆಂಪು ಎಣ್ಣೆಯ ಚರ್ಚೆ ಅದಕ್ಕೆ ಅನ್ವಯಿಸದು. ಸಿ.ವಿ.ಟಿ.ಗೆ ಅದರದೇ ಎಣ್ಣೆ ಬೇಕು, ಅಲ್ಲಿ ಬೇರೆಯದು ಬಿದ್ದರೆ ಅಪಾಯ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಬಾಂಧವರು ತಮ್ಮದು ಯಾವುದೆಂದು ಮೊದಲು ತಿಳಿದುಕೊಂಡು, ಹಿಂದಿನ ಮಾಲಿಕರಿಂದ ಸರ್ವಿಸಿನ ಕಾಗದಗಳನ್ನು ಕೇಳಿ ಪಡೆಯಬೇಕು.

ಗಿಯರ್‌ಬಾಕ್ಸು ಬಿಚ್ಚಿ ಕಟ್ಟಿಸಲು ಲಕ್ಷದ ಮಾತು. ಎಣ್ಣೆಗೆ ಕೆಲವು ಸಾವಿರ. ತಿಂಗಳ ಸಂಬಳದಲ್ಲಿ ಬದುಕುವವರಿಗೆ ಇದು ಕಷ್ಟದ ಲೆಕ್ಕವಲ್ಲ. ನಾವು ಎರಡು ಕಂತಿನಲ್ಲಿ ಬದಲಿಸಿದೆವು. ಮೊದಲ ಸಲ ಇಳಿದದ್ದು ಕಾಫಿ ಕಷಾಯದ ಬಣ್ಣದ್ದು, ಎರಡನೆಯ ಸಲದ್ದು ಅದಕ್ಕಿಂತ ತಿಳಿ. ತಾರೀಕನ್ನೂ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಕೈಪಿಡಿಯೊಳಗೆ ಅಂಟಿಸಿದ್ದೇವೆ. ನಾಳೆ ಈ ಗಾಡಿ ಯಾರ ಕೈಗೆ ಹೋದರೂ ಅವರು ಊಹಿಸುತ್ತ ಕೂರಬೇಕಾಗಿಲ್ಲ.