ಹೊತ್ತು ಮುಳುಗೋದರೊಳಗೆ ಕೂಲಿ

ನಮ್ಮ ಮನೆಯಲ್ಲಿ ಸತ್ಯವೇದಕ್ಕೆ ಮರ್ಯಾದೆ ಕಡಿಮೆಯೇನಿಲ್ಲ. ನೆಲದ ಮೇಲೆ ಇಡುವುದಿಲ್ಲ. ತಪ್ಪಿ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಪರಿಚಯದ ಕ್ರೈಸ್ತರ ಮನೆಗಳಲ್ಲೂ ಹೀಗೇ ನೋಡಿದ್ದೇವೆ. ಅದಕ್ಕೇ ಪಾದ್ರಿಯವರು ‘ದೇವರ ವಾಕ್ಯವನ್ನು ತಳ್ಳಿಹಾಕಬೇಡಿ’ ಅಂದಾಗ, ಆ ಮಾತು ಬೇರೆ ಯಾರಿಗೋ ಹೇಳಿದಂತೆ ಕೇಳಿಸುತ್ತದೆ.

ಸತ್ಯವೇದದಲ್ಲಿ ಇಬ್ಬರು ಅರಸರ ಕಥೆ ಇದೆ. ಅಪ್ಪ ಯೋಷೀಯ, ಮಗ ಯೆಹೋಯಾಕೀಮ. ಅಪ್ಪನ ಕಾಲದಲ್ಲಿ ದೇವಾಲಯದ ರಿಪೇರಿ ನಡೆದಾಗ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಅದನ್ನು ಓದಿಸಿ ಕೇಳಿದ ಅರಸ ‘ನಾವು ಹೀಗೆ ನಡೆದಿಲ್ಲವಲ್ಲ’ ಎಂದು ತನ್ನ ಬಟ್ಟೆ ಹರಿದುಕೊಂಡ. ಮಗನ ಕಾಲದಲ್ಲಿ ಪ್ರವಾದಿ ಯೆರೆಮೀಯ ಹೇಳಿದ್ದನ್ನು ಬಾರೂಕ ಸುರುಳಿಯಲ್ಲಿ ಬರೆದ. ಚಳಿಗಾಲ, ಅರಸನ ಮುಂದೆ ಬೆಂಕಿ ಉರಿಯುತ್ತಿತ್ತು. ಓದಿದಷ್ಟನ್ನೂ ಚಾಕುವಿನಿಂದ ಕೊಯ್ದು ಕೊಯ್ದು ಬೆಂಕಿಗೆ ಹಾಕಿಬಿಟ್ಟ. ಅಪ್ಪ ಹರಿದದ್ದು ಬಟ್ಟೆ, ಮಗ ಹರಿದದ್ದು ಪುಸ್ತಕ. ಯೆರೆಮೀಯ ಸುಮ್ಮನಾಗಲಿಲ್ಲ. ಇನ್ನೊಂದು ಸುರುಳಿ ತರಿಸಿ, ಇನ್ನಷ್ಟು ಸೇರಿಸಿ ಬರೆಸಿದ. ಸುದ್ದಿ ಬರೆಯುವ ನಮಗೆ ಈ ಭಾಗ ಬಹಳ ಇಷ್ಟ.

ಈ ಮಗನ ಮೇಲೆ ಅದೇ ಯೆರೆಮೀಯ ಇನ್ನೊಂದು ಆರೋಪವನ್ನೂ ಹೊರಿಸುತ್ತಾನೆ. ಜನರಿಂದ ದುಡಿಸಿಕೊಂಡು, ಕೂಲಿ ಕೊಡದೆ ಅರಮನೆ ಕಟ್ಟಿಸಿದ ಅಂತ. ನಿನ್ನಪ್ಪ ಬಡವರಿಗೆ ನ್ಯಾಯ ಕೊಟ್ಟ, ದೇವರನ್ನು ಅರಿಯುವುದು ಅಂದರೆ ಅದೇ ಅಂತಲೂ ಹೇಳುತ್ತಾನೆ. ಅಂದರೆ ವಾಕ್ಯಕ್ಕೆ ಕಿವಿಗೊಟ್ಟವರು ಯಾರು ಎಂಬುದು ಕೂಲಿಯ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಕಮಲಾಪುರದಲ್ಲಿದ್ದ ನಮ್ಮ ಆಯಿಗೆ ಓದು ಬರಹ ಬರುತ್ತಿರಲಿಲ್ಲ. ಎರಡು ಎಕರೆ ತೊಗರಿ, ಬಾವಿ ಪಕ್ಕ ನಾಲ್ಕು ಸಾಲು ಕೆಂಪು ಬಾಳೆ, ಇಷ್ಟೇ ಆಸ್ತಿ. ತೊಗರಿ ಕೊಯ್ಲಿಗೆ ಆರೇಳು ಹೆಣ್ಣುಮಕ್ಕಳು ಕೂಲಿಗೆ ಬರುತ್ತಿದ್ದರು. ‘ಸಂತಿ ದಿನ ಒಮ್ಮೆಲೆ ಕೊಟ್ರಾಯ್ತು, ಈಗ ಚಿಲ್ರಿ ಇಲ್ಲ’ ಅಂತ ನಮ್ಮಪ್ಪ ಅಂದರೆ ಆಯಿ ಬಿಡುತ್ತಿರಲಿಲ್ಲ.

‘ಹೊತ್ತು ಮುಳುಗೋದ್ರಾಗ ಕೊಡು ಅಂತ ಪಾದ್ರಿಯೋರು ಓದ್ಯಾರ. ಸಂತಿ ದಿನ ಅಂತ ಓದಿಲ್ಲಪ್ಪ.’

ರೊಕ್ಕ ಇಲ್ಲದ ದಿನ ಪಕ್ಕದ ಮನೆಯಿಂದ ಕೈಗಡ ತಂದು ಕೊಡುತ್ತಿದ್ದಳು. ಆಕೆ ಹೇಳುತ್ತಿದ್ದದ್ದು ಧರ್ಮೋಪದೇಶಕಾಂಡದ 24ನೇ ಅಧ್ಯಾಯದ ಮಾತು. ಕೂಲಿಯವನು ನಿಮ್ಮವನಾಗಲಿ, ಪರದೇಶದವನಾಗಲಿ, ಅವನು ಬಡವ. ಮನಸ್ಸೆಲ್ಲ ಆ ಕೂಲಿಯ ಮೇಲೇ ಇರುತ್ತದೆ ಎಂದು ಅಲ್ಲಿ ಕಾರಣವನ್ನೂ ಕೊಟ್ಟಿದೆ. 2005ರ ಉದ್ಯೋಗ ಖಾತರಿ ಕಾಯ್ದೆ ಕೂಲಿ ಕೊಡಲು 15 ದಿನ ಅವಕಾಶ ಕೊಟ್ಟಿತು. ಮೋಶೆಯ ಧರ್ಮಶಾಸ್ತ್ರ ಒಂದು ರಾತ್ರಿಯನ್ನೂ ಕೊಟ್ಟಿಲ್ಲ.

ಓದಲು ಬಾರದ ಆಯಿಗೆ ಇದು ತಿಳಿದದ್ದು ಕನ್ನಡದಲ್ಲಿ ಕೇಳಿದ್ದರಿಂದ. 19ನೇ ಶತಮಾನದಲ್ಲಿ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಎಂಬ ಪಾದ್ರಿಗಳು ಬಳ್ಳಾರಿಯಲ್ಲಿದ್ದು ಸತ್ಯವೇದವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. 1843ರಲ್ಲಿ ‘ಮಂಗಳೂರು ಸಮಾಚಾರ’ ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಕೂಡ ಪಾದ್ರಿಯೇ. ಹಾಗಾಗಿ ‘ನಮ್ಮ ಭಾಷೆಯಲ್ಲಿ ಇರಲಿಲ್ಲ, ತಿಳಿಯಲಿಲ್ಲ’ ಅನ್ನುವ ನೆಪ ನಮಗೆ ಉಳಿದಿಲ್ಲ.

ಈಗ ನಾವಿರುವುದು ಕಲಬುರಗಿ ನಗರದಲ್ಲಿ. ಸತ್ಯವೇದ ಎಲ್ಲರ ಮೊಬೈಲಿನಲ್ಲಿದೆ, ಬೆಳಗಾದರೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ವಾಕ್ಯ. ಐತ್ವಾರ ಆರಾಧನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹಿರಿಯರೊಬ್ಬರು ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಪ್ರಾರ್ಥನೆಯೂ ಆಯಿತು, ಊಟವೂ ಆಯಿತು. ಗೌಂಡಿಯ ಬಾಕಿ ಮಾತ್ರ ಹಾಗೇ ಉಳಿಯಿತು. ಮಗಳ ಕಾಲೇಜಿನ ಫೀ ಕಟ್ಟಬೇಕು ಅಂತ ಆತ ನಾಲ್ಕು ಸಲ ಗೇಟಿನ ಹತ್ತಿರ ಬಂದು ನಿಂತು ಹೋದ.

ನಾವು ತಡೆಯದೆ ಧರ್ಮೋಪದೇಶಕಾಂಡದ ಮಾತು ತೆಗೆದೆವು. ‘ಅದು ಹಳೇ ಒಡಂಬಡಿಕೆ ಬಿಡ್ರಿ’ ಅಂದರು.

‘ಯಾಕೋಬನ ಪತ್ರಿಕೆ ಹೊಸ ಒಡಂಬಡಿಕೆಯಲ್ಲೇ ಅದಲ್ರೀ ಅಂಕಲ್’ ಅಂದೆವು. ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಾಕೋಬ ಐದನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಅವರು ಮಾತು ಬದಲಿಸಿದರು. ಮುಂದಿನ ವಾರ ಗೌಂಡಿಗೆ ಅರ್ಧ ದುಡ್ಡು ಸಿಕ್ಕಿತು. ಉಳಿದರ್ಧ ಇನ್ನೂ ಸಿಕ್ಕಿಲ್ಲ.

ಆ ಹಿರಿಯರು ಸತ್ಯವೇದ ಸುಡುವವರಲ್ಲ, ದಿನಾ ಓದುವವರು. ಆದರೂ ತಮಗೆ ಬೇಡವಾದ ಒಂದು ಹಾಳೆಯನ್ನು ಯೆಹೋಯಾಕೀಮನ ಹಾಗೆ ಕೊಯ್ದು ತೆಗೆದರು. ತಿಂಗಳುಗಟ್ಟಲೆ ತಡವಾಗಿ ಸಂಭಾವನೆ ಪಡೆಯುವ ನಮ್ಮಂಥ ಸ್ಟ್ರಿಂಗರುಗಳಿಗೆ ಗೇಟಿನ ಆಚೆ ನಿಂತವನ ಹೊಟ್ಟೆಯ ಸಂಕಟ ಗೊತ್ತು.

ಕೂಲಿಯ ಮಾತು ನಮ್ಮ ಒಂದೇ ಧರ್ಮದ್ದಲ್ಲ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕು ಎಂದು ಮುಸ್ಲಿಂ ಗೆಳೆಯರು ಪ್ರವಾದಿಯವರ ಮಾತನ್ನು ನೆನೆಯುತ್ತಾರೆ. ನುಡಿದಂತೆ ನಡೆಯಬೇಕು ಎಂದು ಶರಣರು ಇದೇ ಕನ್ನಡದಲ್ಲಿ ಹೇಳಿಹೋಗಿದ್ದಾರೆ. ಆದರೆ ವಾರವಾರವೂ ವಾಕ್ಯ ಕೇಳುವ ನಮಗೆ ನಮ್ಮ ಪುಸ್ತಕವೇ ಮೊದಲ ಸಾಕ್ಷಿ.

ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರು ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದು ಯೇಸುಸ್ವಾಮಿ ಹೇಳಿದ್ದಾರೆ. ಈ ಶನಿವಾರ ಸಂಜೆ ಒಂದು ಚೀಟಿಯಲ್ಲಿ ಬರೆಯಿರಿ: ಮನೆಗೆಲಸದಾಕೆಗೆ ಎಷ್ಟು, ಟ್ರ್ಯಾಕ್ಟರಿನವನಿಗೆ ಎಷ್ಟು, ಕಳೆ ತೆಗೆದವರಿಗೆ ಎಷ್ಟು. ಅದನ್ನು ಕೊಟ್ಟು ಮುಗಿಸಿ, ಆಮೇಲೆ ಐತ್ವಾರ ಆರಾಧನೆಗೆ ಹೋಗೋಣ.