ಗೌರವದ ಮಾತು, ಹಕ್ಕಿನ ಲೆಕ್ಕ

“ನಿಮ್ಮ ಧರ್ಮದಲ್ಲಿ ಹೆಣ್ಣಿಗೆ ಯಾವ ಸ್ಥಾನವಿದೆ?” ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಎದುರಿಸದ ಮುಸ್ಲಿಮ್ ಮಹಿಳೆ ವಿರಳ. ಕೇಳುವವರು ಹೆಚ್ಚಿನ ವೇಳೆ ಉತ್ತರಕ್ಕೆ ಕಾಯುವುದಿಲ್ಲ. ಬುರ್ಖಾ, ತಲಾಕ್, ನಾಲ್ಕು ಮದುವೆ ಎಂಬ ಉತ್ತರವನ್ನು ಅವರೇ ಜೊತೆಗೆ ತಂದಿರುತ್ತಾರೆ. ಮಳವಳ್ಳಿಯಿಂದ ಮದ್ದೂರಿಗೆ ದಿನವೂ ಬಸ್ಸಿನಲ್ಲಿ ಓಡಾಡಿ ಪಾಠ ಹೇಳುವ ನನಗೆ ಇದು ಹಳೆಯ ಅನುಭವ.

ಆದರೆ ಇನ್ನೊಂದು ಸಮುದಾಯದ ಬಗ್ಗೆ ನಮ್ಮವರೇ ಇದೇ ಧಾಟಿಯಲ್ಲಿ ಕೇಳಿದರೆ? ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಕೇಳಿದಳು: “ಮೇಡಂ, ಇಲ್ಲಿ ಮಾರ್ಮನ್ ಅಂತ ಒಂದು ಪಂಥದವರು ದೊಡ್ಡ ಮಂದಿರ ಕಟ್ತಾರಂತೆ. ಅವರಲ್ಲಿ ಗಂಡಸರು ತುಂಬಾ ಮದುವೆ ಆಗ್ತಾರಂತಲ್ಲ?” ನನಗೆ ನಗು ಬಂತು. ನಮ್ಮನ್ನು ಅಳೆಯುವ ಕೋಲನ್ನೇ ಹಿಡಿದು ಅವಳು ಅವರನ್ನು ಅಳೆಯುತ್ತಿದ್ದಳು. “ತಿಳಿದುಕೊಂಡು ಹೇಳ್ತೀನಮ್ಮ” ಎಂದೆ. ಮದ್ರಸದಲ್ಲಿ ಕಲಿತವಳಿಗೆ, ಆಮೇಲೆ ಬಿ.ಎ.ಯಲ್ಲಿ ಚರಿತ್ರೆ ಓದಿದವಳಿಗೆ, ವಿಚಾರಿಸದೆ ತೀರ್ಪು ಕೊಡುವುದು ಸಲ್ಲದು.

ಮಾರ್ಮನ್ ಎಂಬುದು ಹೊರಗಿನವರು ಇಟ್ಟ ಹೆಸರು. ‘ಅಂತ್ಯದಿನಗಳ ಸಂತರ ಯೇಸುಕ್ರಿಸ್ತ ಸಭೆ’ ಎಂಬುದು ಅವರ ಹೆಸರಿನ ಅರ್ಥ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದರು. ಬೆಂಗಳೂರು ಕೇಂದ್ರವಾಗಿ ಅವರ ಮಿಷನ್ 1993ರಿಂದ ಇದೆ. ಭಾರತದ ತಮ್ಮ ಮೊದಲ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮನಾದ ವಿಧಿ ನಡೆಸಿದರು. ಮದ್ಯ ಮಾತ್ರವಲ್ಲ, ಕಾಫಿ-ಟೀ ಕೂಡ ಅವರಿಗೆ ನಿಷಿದ್ಧ. ಮದ್ದೂರು ವಡೆಯ ಜೊತೆ ಕಾಫಿ ಇಲ್ಲದೆ ಬಾಳುವುದು ನಮ್ಮ ಊರಿನವರಿಗೆ ಆಗದ ಮಾತು!

ಬಹುಪತ್ನಿತ್ವದ ವಿಷಯ ಸುಳ್ಳಲ್ಲ, ಆದರೆ ಹಳೆಯದು. 1852ರಲ್ಲಿ ಅದನ್ನು ಬಹಿರಂಗವಾಗಿ ಸಾರಿದ ಆ ಸಭೆ 1890ರಲ್ಲಿ ಕೈಬಿಡುವುದಾಗಿ ಪ್ರಕಟಿಸಿತು. ಈಗ ಯಾರಾದರೂ ಹಾಗೆ ಮದುವೆಯಾದರೆ ಸಭೆಯಿಂದ ಹೊರಗೆ.

ಹೆಣ್ಣಿನ ಬಗ್ಗೆ ಅವರ ನಂಬಿಕೆ ಏನು? ಸ್ವರ್ಗದಲ್ಲಿ ತಂದೆಯ ಜೊತೆ ತಾಯಿಯೂ ಇದ್ದಾಳೆಂದು ಅವರು ನಂಬುತ್ತಾರೆ. ಅಲ್ಲಾಹನಿಗೆ ಸಂಗಾತಿಯಿಲ್ಲವೆಂದು ನಂಬುವ ನಮಗೆ ಇದು ಒಪ್ಪಿಗೆಯಾಗದು. ಆದರೆ ಇನ್ನೊಂದು ವಿಷಯ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಮನುಕುಲದ ತಾಯಿ ಹವ್ವಾರನ್ನು ಅವರು ಪಾಪದ ಮೂಲವೆಂದು ದೂಷಿಸುವುದಿಲ್ಲ, ಗೌರವಿಸುತ್ತಾರೆ. ಕುರ್‌ಆನ್ ಕೂಡ ಆ ತಪ್ಪನ್ನು ಹೆಣ್ಣೊಬ್ಬಳ ತಲೆಗೆ ಕಟ್ಟಿಲ್ಲ. ಇಬ್ಬರೂ ಎಡವಿದರು, ಇಬ್ಬರೂ ಕ್ಷಮೆ ಬೇಡಿದರು. ಆದರೂ “ಹೆಣ್ಣಿನಿಂದಲೇ ಎಲ್ಲ ಕೆಟ್ಟದ್ದು” ಎಂಬ ಮಾತು ನಮ್ಮ ಓಣಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದು ಎಲ್ಲಿಂದ ಬಂತೋ, ಕಿತಾಬಿನಿಂದಂತೂ ಬಂದದ್ದಲ್ಲ.

1842ರ ಮಾರ್ಚ್ 17ರಂದು ಇಲಿನಾಯ್ ರಾಜ್ಯದ ನಾವೂ ಎಂಬ ಊರಿನಲ್ಲಿ ಅವರ ಮಹಿಳೆಯರು ‘ರಿಲೀಫ್ ಸೊಸೈಟಿ’ ಎಂಬ ಸಂಘ ಕಟ್ಟಿದರು. ಜೋಸೆಫ್ ಸ್ಮಿತ್‌ರ ಪತ್ನಿ ಎಮ್ಮಾ ಮೊದಲ ಅಧ್ಯಕ್ಷೆ. ಬಡವರಿಗೆ ನೆರವು, ರೋಗಿಗಳ ಆರೈಕೆ ಅದರ ಕೆಲಸ. 1876ರಿಂದ ಅವರು ಕಷ್ಟಕಾಲಕ್ಕೆಂದು ಗೋಧಿ ಕೂಡಿಡತೊಡಗಿದರು. ಹಾಗೆ ಕೂಡಿಟ್ಟದ್ದರಲ್ಲಿ ಎರಡು ಲಕ್ಷ ಬುಷೆಲ್‌ಗೂ ಹೆಚ್ಚು ಗೋಧಿಯನ್ನು ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕ ಸರಕಾರಕ್ಕೆ ಮಾರಿದರು. ಇದನ್ನು ಓದುವಾಗ ನನಗೆ ನನ್ನ ನಾನಿ ನೆನಪಾದರು. ಅನ್ನಕ್ಕೆ ಎಸರಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಮದ್ರಸದ ಮಡಕೆಗೆ ಹಾಕದೆ ಅವರು ಒಲೆ ಹಚ್ಚಿದವರಲ್ಲ. ನಾನು ಓದಿದ ಅಕ್ಷರದಲ್ಲಿ ಅಂತಹ ಎಷ್ಟೋ ಹೆಂಗಸರ ಹಿಡಿ ಅಕ್ಕಿಯಿದೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

ಇನ್ನೂ ಒಂದು ಸಂಗತಿ ಹೇಳಬೇಕು. ಮಾರ್ಮನ್ನರೇ ಬಹುಸಂಖ್ಯಾತರಾಗಿದ್ದ ಯೂಟಾದಲ್ಲಿ ಮಹಿಳೆಯರು 1870ರಲ್ಲೇ ಮತ ಹಾಕಿದರು. 1887ರಲ್ಲಿ ಅಮೆರಿಕದ ಸಂಸತ್ತು ಬಹುಪತ್ನಿತ್ವದ ವಿರುದ್ಧ ತಂದ ಕಾನೂನು ಈ ಹಕ್ಕನ್ನೂ ಕಿತ್ತುಕೊಂಡಿತು. ಹೆಣ್ಣನ್ನು ಉದ್ಧರಿಸುತ್ತೇವೆ ಎಂದವರು ಹೆಣ್ಣಿನ ಮತವನ್ನೇ ಕಸಿದರು! 1896ರಲ್ಲಿ ಹಕ್ಕು ಮರಳಿತು. ಅದೇ ವರ್ಷ ಡಾಕ್ಟರ್ ಮಾರ್ಥಾ ಹ್ಯೂಸ್ ಕ್ಯಾನನ್ ರಾಜ್ಯ ಸೆನೆಟ್‌ಗೆ ಗೆದ್ದರು. ಸೋತ ಅಭ್ಯರ್ಥಿಗಳಲ್ಲಿ ಅವರ ಪತಿಯೂ ಒಬ್ಬರು. ಆಕೆ ಬಹುಪತ್ನಿತ್ವದ ಕುಟುಂಬದ ಪತ್ನಿಯೇ. ಹೊರಗಿನವರ ಅಳತೆಗೋಲಿಗೆ ಇಂತಹ ಹೆಣ್ಣು ಸಿಗುವುದಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾನು ಹೇಳಲಾರೆ. ತಾಯ್ತನವನ್ನು ಕೊಂಡಾಡುವ ಆ ಸಭೆಯಲ್ಲಿ ಯಾಜಕತ್ವ ಪುರುಷರಿಗೆ ಮಾತ್ರ. ಹನ್ನೆರಡರ ಹುಡುಗನಿಗೂ ದೊರೆಯುವ ಅಧಿಕಾರ ಅವನ ತಾಯಿಗಿಲ್ಲ. ಸಭೆಯ ಮಹಾಸಮ್ಮೇಳನದಲ್ಲಿ ಮಹಿಳೆಯೊಬ್ಬರು ಪ್ರಾರ್ಥನೆ ನಡೆಸಿದ್ದು 2013ರಲ್ಲಿ, ಮೊದಲ ಬಾರಿಗೆ. ದೀಕ್ಷಾಸ್ನಾನಕ್ಕೆ ಮಹಿಳೆ ಸಾಕ್ಷಿಯಾಗಬಹುದೆಂದು ಒಪ್ಪಿದ್ದು 2019ರಲ್ಲಿ. ಮಹಿಳೆಯರಿಗೂ ಯಾಜಕತ್ವ ಕೊಡಿ ಎಂದು ಚಳವಳಿ ಕಟ್ಟಿದ ಕೇಟ್ ಕೆಲಿಯವರನ್ನು 2014ರಲ್ಲಿ ಸಭೆಯಿಂದ ಹೊರಹಾಕಲಾಯಿತು. ತಮಗೆ ಸಿಗುತ್ತಿರುವ ಗೌರವ ಸಾಕೆನ್ನುವ ಮಹಿಳೆಯರೂ ಅಲ್ಲಿ ಬಹಳ ಮಂದಿಯಿದ್ದಾರೆ, ಸಾಲದೆನ್ನುವವರೂ ಇದ್ದಾರೆ. ಇಬ್ಬರ ಮಾತನ್ನೂ ಕೇಳದೆ ಆ ಧರ್ಮದ ಹೆಣ್ಣನ್ನು ಅರಿತೆವೆನ್ನಲಾಗದು.

ಸಹೋದರ ಸಹೋದರಿಯರೇ, ಗೌರವದ ಮಾತಿಗೂ ಹಕ್ಕಿನ ಲೆಕ್ಕಕ್ಕೂ ನಡುವಿನ ಈ ಅಂತರ ಅಮೆರಿಕದ್ದು ಮಾತ್ರವೇ? ಹೆಣ್ಣನ್ನು ಲಕ್ಷ್ಮಿಯೆನ್ನುವ ಜಿಲ್ಲೆ ನಮ್ಮದು. 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಜಾಲದಲ್ಲಿ, ಮಂಡ್ಯದ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಯುತ್ತಿದ್ದ ಸಂಗತಿ ಹೊರಬಂತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಮಗುವಿಗೆ ವಿಷದ ತೀರ್ಪು! ಇದನ್ನು ತಡೆಯಲು 1994ರಿಂದಲೇ ಕಾನೂನಿದೆ. ಹೂಳಲ್ಪಟ್ಟ ಹೆಣ್ಣು ಶಿಶುವಿನ ಪರವಾಗಿ ಅಂತ್ಯದಿನದಲ್ಲಿ ವಿಚಾರಣೆಯಿದೆಯೆಂದು ಕುರ್‌ಆನ್ ಎಚ್ಚರಿಸಿ ಹದಿನಾಲ್ಕು ಶತಮಾನಗಳಾದವು.

ನಮ್ಮ ಮನೆಗಳೊಳಗೆ ಬನ್ನಿ. ತಾಯಿಯ ಪಾದದಡಿ ಸ್ವರ್ಗವೆಂದು ವೇದಿಕೆಗಳಲ್ಲಿ ಗಂಟೆಗಟ್ಟಲೆ ಭಾಷಣ ಮಾಡುತ್ತೇವೆ. ಅದೇ ತಾಯಿಗೆ ಆಕೆಯ ತಂದೆಯ ಗದ್ದೆಯಲ್ಲಿ ಪಾಲು ಸಿಕ್ಕಿತೇ ಎಂದು ಕೇಳುವವರು ಎಷ್ಟು ಮಂದಿ? ನನ್ನ ಫುಪ್ಪಿ ನಾಲೆ ಬಯಲಿನ ಜಮೀನಿಗೆ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟು ಒಂದು ಸೀರೆ ಉಡುಗೊರೆ ಪಡೆದು ಬಂದರು. “ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತೆ ಮಗಳೇ” ಎಂದರು. ಕೊನೆಗಾಲದಲ್ಲಿ ಮಾತ್ರೆಗೆ ಮಗನ ಮುಂದೆ ಕೈಚಾಚುವಾಗ ಆ ಬಾಗಿಲು ತೆರೆದಿದ್ದರೂ ಒಳಗೆ ಕರೆಯುವವರಿರಲಿಲ್ಲ.

ಅಬ್ಬಾ ತೀರಿಕೊಂಡ ಮೇಲೆ ನನ್ನ ಸರದಿಯೂ ಬಂತು. ತಮ್ಮ ಕಾಗದ ತಂದ. “ಆಪಾ, ಒಂದು ಸಹಿ ಅಷ್ಟೇ. ನಿಮಗೆ ಸಂಬಳ ಇದೆಯಲ್ಲ.” ನಾನು ಜಗಳವಾಡಲಿಲ್ಲ. “ಸಂಬಳ ನನ್ನ ದುಡಿಮೆ. ಪಾಲು ಅಲ್ಲಾಹನು ಗೊತ್ತು ಮಾಡಿದ್ದು. ಸೂರಃ ಅನ್ನಿಸಾ ತೆಗೆದು ಕೂರೋಣ, ನಿನಗೆ ಎಷ್ಟು, ನನಗೆ ಎಷ್ಟು, ಅಮ್ಮಿಗೆ ಎಷ್ಟು ಅಂತ ಮೊದಲು ಬರೆಯೋಣ. ಬರೆದಾದ ಮೇಲೆ ಬಿಟ್ಟುಕೊಡೋದು ನನ್ನ ಇಷ್ಟ” ಎಂದೆ. ಅವನು ಎರಡು ತಿಂಗಳು ಮನೆ ಕಡೆ ಬರಲಿಲ್ಲ. ಈದ್‌ಗೆ ಬಂದ, ಮಕ್ಕಳಿಗೆ ಈದಿ ಕೊಟ್ಟ, ಕಾಗದದ ಮಾತೆತ್ತಲಿಲ್ಲ. ಲೆಕ್ಕ ಇನ್ನೂ ಬಾಕಿಯಿದೆ. ನನಗೆ ತಮ್ಮನೂ ಬೇಕು, ಪಾಲೂ ಬೇಕು. ಎರಡರಲ್ಲಿ ಒಂದನ್ನು ಆರಿಸು ಎಂದು ನನ್ನ ದೀನ್ ನನಗೆ ಹೇಳಿಲ್ಲ, ಹೇಳಿದ್ದು ರೂಢಿ.

ಮಾರ್ಮನ್ನರ ಒಂದು ಪದ್ಧತಿ ನನಗೆ ಹಿಡಿಸಿತು. ಸೋಮವಾರದ ಸಂಜೆಯನ್ನು ಅವರು ಮನೆಮಂದಿಗೆಂದು ಮೀಸಲಿಡುತ್ತಾ ಬಂದಿದ್ದಾರೆ. ಎಲ್ಲರೂ ಕುಳಿತು ಪ್ರಾರ್ಥಿಸಿ ಮಾತಾಡುತ್ತಾರೆ. ನಾವೂ ಒಂದು ಸಂಜೆ, ಇಶಾ ನಮಾಝಿನ ಬಳಿಕ, ಟಿ.ವಿ. ಆರಿಸಿ ಕುಳಿತುಕೊಳ್ಳಬಾರದೇ? ಹೆಂಡತಿಯ ಮಹ್ರ್ ಸಂದಾಯವಾಗಿದೆಯೇ? ಅಕ್ಕತಂಗಿಯರ ಪಾಲು ಯಾರ ಹೆಸರಿನಲ್ಲಿದೆ? ಮಗಳ ಓದು ಹತ್ತನೇ ತರಗತಿಗೆ ನಿಲ್ಲಬೇಕೆಂದು ಯಾರು ತೀರ್ಮಾನಿಸಿದರು, ಅವಳನ್ನು ಕೇಳಿದರೇ? ಈ ಮೂರು ಪ್ರಶ್ನೆಗಳ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಡಿ. “ನಿಮ್ಮ ಧರ್ಮದಲ್ಲಿ ಹೆಣ್ಣಿಗೆ ಯಾವ ಸ್ಥಾನ?” ಎಂದು ಮುಂದಿನ ಸಲ ಯಾರಾದರೂ ಕೇಳಿದಾಗ, ವಾದಕ್ಕಿಳಿಯುವ ಮೊದಲು ಆ ಹಾಳೆಯನ್ನೊಮ್ಮೆ ನೋಡಿಕೊಳ್ಳಿ.