ವಸ್ತಿ ಬಸ್ಸು ಮತ್ತು ಬಂಗಾರದ ಮನುಷ್ಯ

ಈ ವಾರ ತೊಗರಿ ರಾಶಿ ಮುಗೀತು. ಎಕರೆಗೆ ಎಷ್ಟು ಬಂತು, ಮಶಿನ್ ಬಾಡಿಗಿ ಎಷ್ಟು ಹೋಯ್ತು ಅನ್ನೋ ಲೆಕ್ಕ ಮುಂದಿನ ಸಲ ಬರೀತೀನಿ. ಇವತ್ತು ಹೊಲದ ಮಾತು ಕಮ್ಮಿ, ಸಿನಿಮಾ ಮಾತು ಜಾಸ್ತಿ. ಬ್ಯಾಸರಾದವರು ಮುಂದಕ್ಕ ಹೋಗ್ರಿ, ಸಿಟ್ಟಿಲ್ಲ.

ನಾನು ಸಿನಿಮಾ ಹುಚ್ಚ ಅಂತ ಕಮಲಾಪುರದಾಗ ಚಹಾ ಅಂಗಡಿಯವರಿಗೆಲ್ಲ ಗೊತ್ತದ. ನಮ್ಮ ಕಡೆ ಮೊದಲಿಂದ ಹಿಂದಿ ಸಿನಿಮಾದ್ದೇ ಜೋರು. ನಿಜಾಮನ ಕಾಲದಿಂದ ಉರ್ದು ಕಿವಿಗೆ ಬಿದ್ದ ಸೀಮೆ, ಅಮಿತಾಭ್ ಬಚ್ಚನ್ ಡೈಲಾಗು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನಮ್ಮ ಮನೆಯಾಗ ರಾಜಕುಮಾರ್. ಅದಕ್ಕ ಕಾರಣ ನಮ್ಮಣ್ಣ. ಶರಣಬಸವೇಶ್ವರ ಜಾತ್ರಿಗೆ ಬರೋ ಕಂಪನಿ ನಾಟಕ ಒಂದೂ ಬಿಡ್ತಿರಲಿಲ್ಲ ಅವ. ‘ರಾಜಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಾಗ ಪಳಗಿದವರು. 1954ರಾಗ ಬೇಡರ ಕಣ್ಣಪ್ಪ ಮಾಡೋದಕ್ಕಿಂತ ಮೊದಲೇ ರಂಗದ ಮ್ಯಾಲೆ ಬೆವರು ಸುರಿಸ್ಯಾರ. ಅದಕ್ಕೇ ಅವರ ಮಾತು ಕಡೀ ಸಾಲಿನವಗೂ ಕೇಳ್ತದ’ ಅಂತಿದ್ದ.

ಗೋಕಾಕ್ ಚಳವಳಿ ಆದ ಮರುವರ್ಷ, 1983. ನಾನು ಎಂಟನೇತ್ತ. ಗುಲ್ಬರ್ಗದಾಗ (ಆಗಿನ್ನೂ ಕಲಬುರಗಿ ಅಂತ ಹೆಸರು ಬದಲಾಗಿರಲಿಲ್ಲ) ‘ಬಂಗಾರದ ಮನುಷ್ಯ’ ಮತ್ತೆ ಹಾಕಿದ್ದರು. 1972ರ ಸಿನಿಮಾ. ಸಿದ್ದಲಿಂಗಯ್ಯನವರು ತೆಗೆದದ್ದು, ಟಿ.ಕೆ. ರಾಮರಾವ್ ಅವರ ಕಾದಂಬರಿ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಾಗ ಎರಡು ವರ್ಷ ಓಡಿತ್ತು. ಅಣ್ಣ ನನ್ನನ್ನ ಮಧ್ಯಾಹ್ನದ ಆಟಕ್ಕ ಕರಕೊಂಡು ಹೋದ.

ಕಲ್ಲುಗುಡ್ಡದಂಥ ಬಂಜರು ಭೂಮಿ. ರಾಜೀವ ಬಂಡಿ ಒಡೀತಾನ, ನೀರು ತರ್ತಾನ, ಪೈರು ಎದಿಮಟ ಬೆಳೀತದ. ಟಾಕೀಸಿನಾಗ ರೈತರೇ ತುಂಬಿದ್ದರು. ನಮ್ಮ ಮುಂದಿನ ಮುದುಕ ಒಬ್ಬಾಂವ ರುಮಾಲು ಬಿಚ್ಚಿ ಕಣ್ಣು ಒರೆಸಿಕೊಂಡ. ಅಷ್ಟರಾಗ ಅಣ್ಣ ಕೈ ಹಿಡಿದು ಎಬ್ಬಿಸಿದ. ಹುಮನಾಬಾದ್ ರಸ್ತೆಗೆ ಹೋಗಿ ನಮ್ಮೂರಾಗ ಉಳಿಯೋ ವಸ್ತಿ ಬಸ್ಸು ಅದೊಂದೇ, ತಪ್ಪಿದರೆ ಬಸ್ ಸ್ಟ್ಯಾಂಡಿನಾಗೇ ಮಲಗಬೇಕು. ಹಿಂಗಾಗಿ ಕಡೀ ಭಾಗ ನೋಡಲೇ ಇಲ್ಲ. ಬಸ್ಸಿನಾಗ ಅಣ್ಣ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ, ಒಂದು ಮಾತಿಲ್ಲ.

ಮರುವರ್ಷ ಬ್ಯಾಸಿಗ್ಯಾಗ ನಮ್ಮ ಮಡ್ಡಿ ಹೊಲದಾಗ ಬಾವಿ ತೆಗೆಯಲಿಕ್ಕೆ ಶುರು ಮಾಡಿದ. ಮ್ಯಾಲೆ ಕೆಂಪು ಮೊರಂ, ಕೆಳಗ ಕರೀ ಬಂಡಿ. ಮದ್ದು ಹಾಕಿ ಸಿಡಿಸಿ ಸಿಡಿಸಿ 40 ಫೂಟು ಇಳಿಸಿದ. ಮಳಿಗಾಲದಾಗ ಒಂದಾಳು ನೀರು ನಿಲ್ತಿತ್ತು, ಸಂಕ್ರಾಂತಿಗೆ ತಳ ಕಾಣ್ತಿತ್ತು. ಅಂವಗ ಕಮಲಾಪುರದ ಕೆಂಪು ಬಾಳಿ ಹಚ್ಚೋ ಆಸೆ. ಬಾಳಿಗೆ ವರ್ಷವೆಲ್ಲ ನೀರು ಬೇಕು, ಎಲ್ಲಿಂದ ತರೋದು? ಸಾಲ ಬೆಳೀತು. ಅಪ್ಪ ಮೂರೆಕರೆ ಮಾರಿದ.

ಈ ಸಿನಿಮಾ ನೋಡಿ ಎಷ್ಟೋ ಹುಡುಗರು ಪಟ್ಟಣ ಬಿಟ್ಟು ಹಳ್ಳಿಗೆ ಬಂದು ಒಕ್ಕಲುತನ ಮಾಡಿದರು ಅಂತ ಇವತ್ತಿಗೂ ಭಾಷಣದಾಗ ಹೇಳ್ತಾರ. ಬಂದಿರಬಹುದು. ಅವರಲ್ಲಿ ಎಷ್ಟು ಮಂದಿ ಬಾವಿಗೆ ನೀರು ಬಿತ್ತು, ಎಷ್ಟು ಮಂದಿಗೆ ಬರೇ ಕಲ್ಲು ಸಿಕ್ತು ಅಂತ ಯಾರೂ ಎಣಿಸಲಿಲ್ಲ. ಹಂಗಂತ ಸಿನಿಮಾ ಸುಳ್ಳು ಅನ್ನೋದೂ ನನಗ ಒಪ್ಪಿಗಿಲ್ಲ. ಅದೇ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ನೋಡ್ರಿ, ಊರಿನ ಹಗೆ ಹೆಂಗಿರ್ತದ ಅಂತ ಗೊತ್ತಿದ್ದವರೇ ತೆಗೆದದ್ದು.

ನಂದು ಎಸ್ಸೆಸ್ಸೆಲ್ಸಿ ಪಾಸಾತು. ಮುಂದ ಗುಲ್ಬರ್ಗದಾಗ ಕಾಲೇಜು ಅಂತ ನಾನು ಹಟ ಹಿಡಿದೆ. ಅಪ್ಪ ರೊಕ್ಕಿಲ್ಲ ಅಂದ. ರಾತ್ರಿ ಊಟಕ್ಕ ಕೂತಾಗ ನಾನು ಅಣ್ಣನ ಮುಖಕ್ಕೇ ಅಂದೆ, ‘ಎಲ್ಲಾ ನಿನ್ನ ಬಾವಿಯಾಗ ಬಿತ್ತು. ನೀ ಇರೋತನಕ ಈ ಮನಿ ಉದ್ಧಾರ ಆಗಂಗಿಲ್ಲ.’ ಅಣ್ಣ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ. ಬೆಳಿಗ್ಗೆ ನೋಡಿದರೆ ಇರಲಿಲ್ಲ. ತಿಂಗಳಾದ ಮ್ಯಾಲೆ ಮುಂಬೈನಿಂದ ಒಂದು ಕಾರ್ಡು ಬಂತು, ಸೆಂಟ್ರಿಂಗ್ ಕೆಲಸಕ್ಕ ಸೇರೀನಿ ಅಂತ.

‘ಸಿನಿಮಾ ನೋಡಿ ಕೆಟ್ಟ’ ಅಂತ ಊರಾಗ ಮಾತಾತು. ನಾನೂ ನಗೆಚಾಟಿಕಿ ಮಾಡಿ ಹೇಳೀನಿ, ಸುಳ್ಯಾಕ.

ಆ ಸಿನಿಮಾದ ಕಡೀ ಭಾಗ ನಾನು ನೋಡಿದ್ದು 90ರ ದಶಕದಾಗ, ಟಿವಿಯಾಗ. ಲಗ್ನ ಆಗಿತ್ತು, ಮಗ ತೊಡಿಮ್ಯಾಲೆ ಇದ್ದ. ರಾಜೀವ ಯಾರನ್ನ ಸಾಕಿ ದೊಡ್ಡವರನ್ನ ಮಾಡಿದ್ದನೋ ಆ ಅಕ್ಕನ ಮಗನೇ ಆಸ್ತಿ ಮಾತು ಎತ್ತತಾನ. ರಾಜೀವ ಎದಿರು ಮಾತಾಡಂಗಿಲ್ಲ, ಮನಿ ಬಿಟ್ಟು ಹೋಗ್ತಾನ. ನಾನು ಮಗನ್ನ ಹೆಂಡತಿ ಕೈಗೆ ಕೊಟ್ಟು ದನದ ಕೊಟ್ಟಿಗಿಗೆ ಹೋದೆ. ಅಲ್ಲೀತನಕ ನಾನು ರಾಜಕುಮಾರ್ ಅಭಿಮಾನಿ ಅಂತ ತಿಳಕೊಂಡಿದ್ದೆ. ಆ ಕಥಿಯಾಗ ನನ್ನ ಪಾತ್ರ ಯಾವುದು ಅಂತ ಅವತ್ತು ಗೊತ್ತಾತು.

ಅಪ್ಪನ ಮಣ್ಣಿಗೆ ಬಂದಾಗಲೂ ಅಣ್ಣ ನನ್ನ ಜೋಡಿ ಮಾತಾಡಲಿಲ್ಲ. 2006, ಏಪ್ರಿಲ್ 12. ರಾಜಕುಮಾರ್ ತೀರಿಕೊಂಡ ದಿನ ಸಂಜಿಗೆ ಮನಿ ಫೋನು ಬಾರಿಸಿತು. ಮುಂಬೈದಿಂದ ಅಣ್ಣ. ‘ಅಣ್ಣಾವ್ರು ಹೋದ್ರಂತಲ್ಲೋ’ ಅಂದ. ‘ಹೂಂ ಅಣ್ಣ’ ಅಂದೆ. ಇಬ್ಬರೂ ಸುಮ್ಮನಾದಿವಿ. ಫೋನು ಮಾತ್ರ ಇಡಲಿಲ್ಲ. ಆಮ್ಯಾಲೆ ಹಬ್ಬಕ್ಕೊಮ್ಮೆ ಮಾತು ಶುರುವಾತು, ಮಾತೆಲ್ಲ ಸಿನಿಮಾದ್ದೇ. ಯಾವ ಹಾಡು ಯಾವ ಸಿನಿಮಾದ್ದು, ರಾಜಕುಮಾರ್ ಹೆಚ್ಚೋ ವಿಷ್ಣುವರ್ಧನ್ ಹೆಚ್ಚೋ. ಬಾವಿ ಹೆಸರು ಇಬ್ಬರೂ ಎತ್ತಲಿಲ್ಲ. 2021ರ ಅಕ್ಟೋಬರ್ 29ಕ್ಕ ಪುನೀತ್ ಹೋದಾಗ ನಾನೇ ಮೊದಲು ಮಾಡಿದೆ. 46ರ ಹುಡುಗ. ಅರವತ್ತು ದಾಟಿದ ನಮ್ಮಣ್ಣ ಅವತ್ತು ಜೋರಾಗಿ ಅತ್ತ.

ಈ ಸಲ ರಾಶಿಗೆ ಊರಿಗೆ ಬಂದಾನ. ಮೊಣಕಾಲು ಬ್ಯಾನಿ, ಕೆಲಸ ಬಿಟ್ಟಾನ. ಮೊನ್ನೆ ರಾತ್ರಿ ಕಾಳು ಕಾಯಲಿಕ್ಕೆ ಇಬ್ಬರೂ ಕಣದಾಗ ಮಲಗಿದ್ದಿವಿ. ಮೊಬೈಲಿನಾಗ ‘ಬಂಗಾರದ ಮನುಷ್ಯ’ ಹಚ್ಚಿದೆ. ಬಂಡಿ ಒಡೆಯೋದು ಮುಗೀತು. ನಾವು ಎದ್ದು ಬಂದಿದ್ದ ಜಾಗ ಹತ್ತಿರ ಬಂತು. ಮುಂದಿನದು ಅಂವ ನೋಡಿಲ್ಲ, ಈಗ ನನ್ನ ಎದಿರೇ ನೋಡ್ತಾನ ಅಂತ ನನಗ ಎದಿ ಹೊಡಕೊಳ್ಳಲಿಕ್ಕೆ ಹತ್ತಿತು.

‘ಅಣ್ಣಾ, ಮುಂದಿಂದು ನೋಡ್ತಿ ಏನು?’

‘ಆಗೇ ನೋಡೀನೋ. ಮರುವಾರ ಅಡತಿಗೆ ತೊಗರಿ ಹಾಕಲಿಕ್ಕೆ ಹೋದಾಗ ಒಬ್ಬನೇ ಹೋಗಿ ಪೂರ್ತಿ ನೋಡಿ, ಬಸ್ ಸ್ಟ್ಯಾಂಡಿನಾಗ ಮಲಗಿ ಬಂದೆ.’

ಅಂದ್ರ ಬಾವಿಗೆ ಮೊದಲ ಹಾರಿ ಹಾಕೋದಕ್ಕಿಂತ ಮೊದಲೇ ಕಡೀ ತನಕ ನೋಡಿದ್ದ. ನನಗ ಏನು ಹೇಳಬೇಕೋ ತಿಳಿಯಲಿಲ್ಲ. ಬಾಯಿ ತೆರೆದೆ, ‘ಅವತ್ತು ಊಟಕ್ಕ ಕೂತಾಗ...’ ಅಂದೆ. ಅಣ್ಣ ಕೈಚಾಚಿ ಮೊಬೈಲ್ ಆರಿಸಿದ. ‘ಚಾರ್ಜು ಉಳಿಸು, ರಾತ್ರಿ ಹಂದಿ ಬಂದ್ರ ಬ್ಯಾಟರಿ ಬೇಕು’ ಅಂದು ಕಂಬಳಿ ಹೊದ್ದುಕೊಂಡ.

ಬೆಳಿಗ್ಗೆ ಇಬ್ಬರೂ ಬಾವಿ ಕಡೆ ಹೋದಿವಿ. ಹಗ್ಗಕ್ಕ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದ. 40 ಫೂಟಿನ ಬಾವಿ ಈಗ 29, ಉಳಿದದ್ದು ಹೂಳು. ಮ್ಯಾಲಿನ ಒಡ್ಡಿನ ನೀರು ನೇರ ಬಾವಿಗೆ ಬಿಡಬಾರದು, ಮೊದಲೊಂದು ಗುಂಡಿ ತೋಡಿ, ದಪ್ಪ ಕಲ್ಲು, ಜಲ್ಲಿ, ಉಸುಕು ತುಂಬಿ ಸೋಸಿ ಬಿಡಬೇಕು ಅಂತ ಅಣ್ಣನ ವಾದ. ಮಳಿಗಾಲದೊಳಗ ಹೂಳು ತೆಗೆಸಬೇಕು ಅಂತ ಮಾಡೀವಿ. ನಿಮ್ಮ ಕಡೆ ಹಳೇ ಬಾವಿ ಹೂಳು ತೆಗೆಸಿದವರು ಯಾರಾದರೂ ಇದ್ದರ, ಫೂಟಿಗೆ ಎಷ್ಟು ಬಿತ್ತು ಅಂತ ಬರೀರಿ.